ಕುಂದ್ರದ ಹುಡುಗಿ, ಕುಂದ್ರದ ಅಕ್ಷರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಿನ ಸುತ್ತ ಯಾವ ಮಗು ಶಾಲೆಗೆ ತಯಾರಾಗಿದೆ, ಯಾವುದು ಆಗಿಲ್ಲ ಅಂತ ಮುಖ ನೋಡಿ ಹೇಳುತ್ತಿದ್ದವನು ನಾನೊಬ್ಬನೇ. ದೂರದೂರದ ಹೆಡ್‌ಮಾಸ್ತರುಗಳು ಎತ್ತಿನ ಗಾಡಿ ಕಟ್ಟಿಸಿಕೊಂಡು ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಸುಳ್ಳು ಅಂತೀರಾ? ಅವರನ್ನೇ ಕೇಳಿ ನೋಡ್ರಿ. ಪಾಪ, ಅವರಲ್ಲಿ ಒಬ್ಬರೂ ಈಗ ಉಳಿದಿಲ್ಲ. ಎತ್ತುಗಳೂ ಉಳಿದಿಲ್ಲ.

ಹಾಗಂತ ನಾನೇನು ಓದಿದವನಲ್ಲ. ಶಾಲೆಯ ಮೆಟ್ಟಿಲು ಹತ್ತಿದ್ದೇ ಕಸ ಹೊಡೆಯಲಿಕ್ಕೆ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಕೊಟ್ಟೂರು ಹಾದಿಯ ನಮ್ಮೂರ ಶಾಲೆಗೆ ನಾನು ಜವಾನ. ಮಕ್ಕಳಿದ್ದಲ್ಲಿ ದಿನಕ್ಕೊಂದು ತಮಾಷೆ ಇದ್ದೇ ಇರುತ್ತದೆ. ಎಲ್ಲಾ ಹೇಳಿದರೆ ನಿಮ್ಮ ಊಟ ತಪ್ಪುತ್ತದೆ. ಒಬ್ಬಳೇ ಹುಡುಗಿಯದು ಹೇಳುತ್ತೇನೆ.

೧. ಕಿವಿ ಮುಟ್ಟಿದ್ದು

ಆಗ ಮಕ್ಕಳು ಹುಟ್ಟಿದ ದಿನ ಯಾರಿಗೆ ನೆನಪಿರುತ್ತಿತ್ತು? "ನಮ್ಮ ಎಮ್ಮಿ ಈದ ವಾರ ಹುಟ್ಯಾನ್ರಿ" ಅನ್ನುತ್ತಿದ್ದರು. ಎಮ್ಮೆಯ ಜಾತಕ ಎಲ್ಲಿಂದ ತರೋದು? ಅದಕ್ಕೇ ಒಂದು ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿತು, ಒಂದನೇ ಕ್ಲಾಸು. ಮುಟ್ಟದಿದ್ದರೆ ಮನೆಗೆ ಹೋಗಿ ಇನ್ನೊಂದು ವರ್ಷ ಮಜ್ಜಿಗೆ ಕುಡಿ.

ಶೇಂಗಾ ಗಿರಣಿಯ ಹಮಾಲಿಯೊಬ್ಬ ತನ್ನ ಮಗಳನ್ನು ಕರೆತಂದ. ಅವಳು ಬಂದವಳೇ ಮೇಜಿನ ಕೆಳಗೆ ಹೊಕ್ಕಳು, ಮಸಿ ಬಾಟಲಿ ಮೂಸಿದಳು, ಗೋಡೆಯ ನಕ್ಷೆ ಎತ್ತಿ ಹಿಂದೇನಿದೆ ಅಂತ ನೋಡಿದಳು. ಹೆಡ್‌ಮಾಸ್ತರಿಗೆ ತಾಳ್ಮೆ ಹೋಯಿತು.

"ಏ ಹುಡುಗಿ, ಅದೆಲ್ಲಾ ಬಿಡು. ತಲಿ ಮ್ಯಾಲಿಂದ ಕೈ ಹಾಕಿ ಆ ಕಡಿ ಕಿವಿ ಮುಟ್ಟು."

ಅವಳು ಒಂದು ಗಳಿಗೆ ಹೆಡ್‌ಮಾಸ್ತರನ್ನು ನೋಡಿದಳು. ಪಕ್ಕದ ಕುರ್ಚಿ ಹತ್ತಿದಳು. ಅವರ ಬೋಳು ತಲೆಯ ಮೇಲಿಂದ ಕೈ ಹಾಕಿ ಅವರ ಆ ಕಡೆಯ ಕಿವಿ ಹಿಡಿದಳು. ಅಪ್ಪ ಕಣ್ಣು ಮುಚ್ಚಿಕೊಂಡ.

"ಮುಟ್ಟೀನ್ರಿ ಸಾರ್. ಇದರಾಗ ಕೂದಲ ಅದಾವು."

ಹೆಡ್‌ಮಾಸ್ತರು ಕಿವಿ ಬಿಡಿಸಿಕೊಂಡು ರಿಜಿಸ್ಟರ್ ತೆಗೆದರು. "ಕೈ ಸಾಕಷ್ಟು ಉದ್ದ ಐತಿ. ನಾಲಿಗಿ ಅದಕ್ಕಿಂತ ಉದ್ದ ಐತಿ. ಸೇರಿಸ್ಕೊಂತೀನಿ."

೨. ಬಸ್ಸು ಬೇಗ ಮುಟ್ಟಿದ್ದು

ಸೇರಿದ್ದೇನೋ ಸೇರಿದಳು, ಕೂರುವುದು ಮಾತ್ರ ಆಗಲಿಲ್ಲ. ಹಂಚಿನ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಇಲ್ಲ. ಟೀಚರ್ ಬೋರ್ಡಿನ ಕಡೆ ತಿರುಗಿದರೆ ಇವಳು ಕಿಟಕಿಯಲ್ಲಿ. ಈಗ ದೊಡ್ಡಾಸ್ಪತ್ರೆಯಲ್ಲಿ ಇದಕ್ಕೊಂದು ಹೆಸರಿದೆಯಂತೆ. ಆಗ ನಮ್ಮಲ್ಲಿ "ಗಾಳಿ" ಅಂತಿದ್ದರು. ಅಜ್ಜಿ ತಾಯಿತ ಕಟ್ಟಿಸಿದಳು, ಅವ್ವ ಒಂದೆಲಗ ಅರೆದು ಕುಡಿಸಿದಳು. ಹುಡುಗಿ ತಾಯಿತ ಬಿಚ್ಚಿ ಒಳಗೇನಿದೆ ಅಂತ ನೋಡಿದಳು.

ನನಗೆ ಕುತೂಹಲ. ಪಾಠ ಬಿಟ್ಟು ಎಲ್ಲಿ ಹೋಗುತ್ತಾಳೆ ಅಂತ ಹಿಂದೆಯೇ ಹೋದೆ. ಬೇವಿನ ಮರದ ಸುತ್ತ ತಿರುಗುತ್ತಿದ್ದಳು. ಒಳಗೆ ಕ್ಲಾಸೆಲ್ಲ ಮಗ್ಗಿ ಕೂಗುತ್ತಿತ್ತು.

"ಒಳಗ ಏನ್ ಹೇಳಾಕತ್ಯಾರ, ಹೇಳು ನೋಡೋಣ?"

ತಿರುಗುತ್ತಲೇ ಏಳರ ಮಗ್ಗಿ ಪೂರಾ ಒಪ್ಪಿಸಿದಳು. "ಈಗ ನಿಂತು ಹೇಳು" ಅಂದೆ. ಏಳೆರಡ್ಲಿಗೆ ಮಗ್ಗಿ ನಿಂತುಹೋಯಿತು. "ನಡಿ" ಅಂದೆ, ಮತ್ತೆ ಬಂತು. ನಾಲ್ಕು ಸಲ ನಿಲ್ಲಿಸಿ, ನಾಲ್ಕು ಸಲ ನಡೆಸಿ ನೋಡಿದೆ. ಸೈಕಲ್ ಡೈನಮೋ ಇದ್ದ ಹಾಗೆ: ಗಾಲಿ ತಿರುಗಿದರೆ ದೀಪ, ನಿಂತರೆ ಕತ್ತಲು!

ಹಾಗಾದರೆ ಕೈಕಾಲಿಗೆ ಕೆಲಸ ಕೊಡೋಣ ಅಂತ ಮಧ್ಯಾಹ್ನದ ಗಂಟೆ ಹೊಡೆಯಲು ಬಿಟ್ಟೆ. ಅದು ನನ್ನ ತಪ್ಪು. ಕೈ ತುರಿಸಿತೋ ಏನೋ, ಹನ್ನೊಂದಕ್ಕೇ ಢಣಢಣ ಬಾರಿಸಿದಳು. ನಮ್ಮೂರಿಗೆ ಶಾಲೆಯ ಗಂಟೆಯೇ ಗಡಿಯಾರ. ಹೆಂಗಸರು ಗಾಬರಿಯಿಂದ ರೊಟ್ಟಿಗೆ ಹಿಟ್ಟು ಕಲಸಿದರು. ಕಳೆ ತೆಗೆಯುವವರು ಹೊಲದಿಂದ ಊಟಕ್ಕೆ ಬಂದರು. ಬಸ್ಸಿನ ಕಂಡಕ್ಟರು ಕೈಗಡಿಯಾರ ತಿದ್ದಿಕೊಂಡು "ರೈಟ್, ರೈಟ್!" ಅಂದುಬಿಟ್ಟ. ಆ ಹಾದಿಯಲ್ಲಿ ಹರಪನಹಳ್ಳಿ ಬಸ್ಸು ಹೊತ್ತಿಗಿಂತ ಮೊದಲು ಮುಟ್ಟಿದ್ದು ಅದೊಂದೇ ಸಲ.

೩. ಕ್ಷೌರದಂಗಡಿಯ ಕನ್ನಡಿ

ಮೂರನೇ ವರ್ಷಕ್ಕೆ ಬಂದರೂ ಅಕ್ಷರ ಹತ್ತಲಿಲ್ಲ. ಟೀಚರ್ ನನಗೆ ಪಾಟಿ ತೋರಿಸಿದರು. "ನೋಡು ಕಾಕಾ, ಎಲ್ಲಾ ತಿರುವುಮುರುವು ಬರದಾಳ." ನನಗೆ ನೆಟ್ಟಗಿದ್ದರೂ ಒಂದೇ, ತಿರುಗಿದ್ದರೂ ಒಂದೇ. ಆದರೂ ತಲೆ ಕೊರೆಯಿತು. ಪಾಟಿ ತೆಗೆದುಕೊಂಡು ಕ್ಷೌರದಂಗಡಿಗೆ ಹೋಗಿ ಕನ್ನಡಿಗೆ ಹಿಡಿದೆ. ನಾಲ್ಕನೇ ಕ್ಲಾಸು ಓದಿದ್ದ ಅಂಗಡಿಯವ ಕತ್ತರಿ ಕೆಳಗಿಟ್ಟು "ಅ, ಆ, ಇ, ಈ" ಅಂತ ಸರಾಗ ಓದಿದ!

ಓಡಿಬಂದು ಹೆಡ್‌ಮಾಸ್ತರಿಗೆ ಹೇಳಿದೆ. "ಅದಕ್ಕೇನೀಗ? ಪರೀಕ್ಷಿನೂ ಅಲ್ಲೇ ಇಡೋಣೇನು? ಪೇಪರ್ ಜೋಡಿ ತಲೀನೂ ಬೋಳಿಸ್ತಾನ" ಅಂದರು.

ನಗು ಅಲ್ಲಿಗೇ ನಿಂತಿತು. ಹುಡುಗಿಯ ಅಪ್ಪ ಬಂದು ಟವೆಲ್ ಹಿಂಡುತ್ತ ನಿಂತ. "ಸಾರ್, ಇನ್‌ಸ್ಪೆಕ್ಟರು ಬರ್ತಾರಂತಲ್ರಿ. ಅವರ ಮುಂದ ಓದಿದ್ರ ಸರಿ. ಇಲ್ಲಂದ್ರ ಹೆಸರು ಹೊಡದುಬಿಡ್ರಿ, ಅವರವ್ವನ ಜೋಡಿ ಶೇಂಗಾ ಸುಲಿಯಾಕ ಕಳಿಸ್ತೀನಿ." ಹೆಡ್‌ಮಾಸ್ತರು ತಲೆಯಾಡಿಸಿದರು.

ಹುಡುಗಿಯನ್ನು ಬೇವಿನ ಮರದ ಹತ್ತಿರ ಹಿಡಿದು ಕೇಳಿದೆ: "ಯಾಕವ್ವಾ, ಏನಾಗ್ತತಿ ನಿನಗ?"

"ಅಕ್ಷರ ಒಂದ್ಕಡಿ ಕುಂದ್ರಂಗಿಲ್ಲ ಕಾಕಾ. ಅವಕ್ಕ ಯಾರೂ ಏನೂ ಅನ್ನಂಗಿಲ್ಲ. ನನಗ ಮಾತ್ರ ಕುಂದ್ರು ಕುಂದ್ರು ಅಂತಾರ."

೪. ಇನ್‌ಸ್ಪೆಕ್ಟರಿಗೆ ನೆಟ್ಟಗೆ ಕಂಡದ್ದು

ಇನ್‌ಸ್ಪೆಕ್ಟರು ಕೂಡ್ಲಿಗಿಯಿಂದ ಬರುವ ದಿನ ದಡ್ಡ ಮಕ್ಕಳನ್ನು ಬಚ್ಚಿಡುವುದು ಆಗಿನ ಪದ್ಧತಿ. ಒಬ್ಬನನ್ನು ಮಜ್ಜಿಗೆಗೆ ಕಳಿಸುವುದು, ಒಬ್ಬನಿಗೆ ಜ್ವರ ಬರಿಸುವುದು. ಇವಳನ್ನು ಹೆಡ್‌ಮಾಸ್ತರು ಉಪ್ಪಿಟ್ಟು ಮಾಡುವ ಕೋಣೆಗೆ ತಳ್ಳಿದರು. ಇನ್‌ಸ್ಪೆಕ್ಟರಿಗೆ ಕಾಣದೆಯೇ ಅವಳ ಹೆಸರು ಹೊಡೆಯುವುದು ಅಂತ ಲೆಕ್ಕ.

ಆದರೆ ಕೂರುವ ಹುಡುಗಿಯೇ ಅದು? ಇನ್‌ಸ್ಪೆಕ್ಟರಿಗೆ ನೀರಿನ ಚಂಬು ಹಿಡಿದು ಕ್ಲಾಸಿಗೇ ಬಂದಳು. ಅಲ್ಲಿ ಶಾಣ್ಯಾ ಹುಡುಗರೆಲ್ಲ ಅವರ ಮೀಸೆ ನೋಡಿ ನಾಲಿಗೆ ನುಂಗಿ ನಿಂತಿದ್ದರು. ಇವಳು ಚಂಬು ಇಟ್ಟು, ಮೇಜಿನ ಸುತ್ತ ತಿರುಗುತ್ತ, ಅವರು ಕೇಳಿದ ಪಾಠವನ್ನು ಮೊದಲಿಂದ ಕಡೆತನಕ ಹೇಳಿಬಿಟ್ಟಳು.

"ಭಲೇ! ಈಗ ಪುಸ್ತಕ ನೋಡಿ ಓದು."

ಹೆಡ್‌ಮಾಸ್ತರ ಮುಖ ಸುಣ್ಣ. ಬಾಗಿಲ ಹೊರಗೆ ನಿಂತಿದ್ದ ಅಪ್ಪ ಕುತ್ತಿಗೆ ಚಾಚಿದ. ಹುಡುಗಿ ಪುಸ್ತಕವನ್ನು ಮೇಜಿನ ಮೇಲೆ ಹರವಿ, ಬೆರಳಿಟ್ಟು, ನಿಂತಲ್ಲೇ ಕಾಲು ಕುಣಿಸುತ್ತ, ಒಂದು ತಪ್ಪಿಲ್ಲದೆ ಓದಿದಳು. ಎದುರಿಗೆ ಕೂತಿದ್ದ ಇನ್‌ಸ್ಪೆಕ್ಟರು ಕನ್ನಡಕ ಸರಿಮಾಡಿಕೊಂಡರು.

"ಅಲ್ಲವ್ವಾ, ಪುಸ್ತಕ ನಿನಗ ತಲಿಕೆಳಗ ಐತಲ್ಲ?"

"ನಿಮಗ ನೆಟ್ಟಗ ಕಾಣ್ಲಿ ಅಂತ ಇಟ್ಟೀನ್ರಿ ಸಾರ್. ನನಗ ಹೆಂಗಿಟ್ರೂ ಅಷ್ಟ."

ಇನ್‌ಸ್ಪೆಕ್ಟರು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ನಗು ಬಿಟ್ಟು ಅಪ್ಪನನ್ನು ಒಳಗೆ ಕರೆದರು. "ನೋಡಪ್ಪಾ, ನಿನ್ನ ಮಗಳು ಕಿವೀಲೆ ಓದ್ತಾಳ. ಕಣ್ಣಿಗೆ ಇನ್ನೊಂದಿಷ್ಟು ದಿನ ಬೇಕು, ಅಷ್ಟ. ಹೆಸರು ಹೊಡಿಯೋದು ಬ್ಯಾಡ, ಶೇಂಗಾ ಸುಲಿಯೋದೂ ಬ್ಯಾಡ." ಅಪ್ಪ ಹಿಂಡಿ ಹಿಂಡಿ ಬಳ್ಳಿಯಾಗಿದ್ದ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದ.

ಪುಸ್ತಕ ತಿರುಗಿಸುವ ಆ ಉಪಾಯ ಯಾರದು ಅಂತೀರಿ? ನಂದೇ! ಇನ್‌ಸ್ಪೆಕ್ಟರ ಬೆನ್ನ ಹಿಂದೆ ನಿಂತು ಹೀಗೆ ಕೈಸನ್ನೆ ಮಾಡಿ—

"ಸುಮ್ನಿರ್ರಿ ಸಾಕು!" ಅಂದಳು ನನ್ನ ಹೆಂಡತಿ, ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು. ಆ ಶಾಲೆಯಲ್ಲಿ ಉಪ್ಪಿಟ್ಟು ಮಾಡುತ್ತಿದ್ದವಳು ಇವಳೇ. "ಇನ್‌ಸ್ಪೆಕ್ಟರ ಜೀಪಿನ ಸಪ್ಪಳ ಕೇಳಿದ ಕೂಡ್ಲೆ ನನ್ನ ಒಲಿ ಹಿಂದ ಬಂದು ಕುಂತೋರು ಯಾರು? 'ನನಗೂ ಓದು ಅಂದ್ರ ಹೆಂಗಲೇ' ಅಂತ ನಡುಗಿದೋರು ಯಾರು? ಆ ಮಾತು ಆ ಹುಡುಗೀದು. ನೀವು ಜೀಪು ಹೋಗೋತನಕ ತಲಿ ಎತ್ತಲಿಲ್ಲ."

ಇದ್ದರೂ ಇರಬಹುದು ಬಿಡ್ರಿ. ಅವತ್ತು ಹಸಿ ಕಟ್ಟಿಗೆ, ಹೊಗೆಯೋ ಹೊಗೆ. ಯಾರು ಎಲ್ಲಿದ್ದರು ಅಂತ ನನಗೇ ಸರಿಯಾಗಿ ಕಾಣಲಿಲ್ಲ.