ಮರಿಗಳ ಕಾವಲು

ಮರಿಗಳ ಕಾವಲಿಗೆ ಇರಿಸ್‌ಬೆಕ್‌ನನ್ನು ಇಟ್ಟದ್ದೇ ಊರಿನವರು ಮಾಡಿದ ತಪ್ಪು. ಇಲಿ ಕಂಡರೂ ಅಯ್ಯೋ ಪಾಪ ಎನ್ನುವ ಆಸಾಮಿ ಅವನು.

ಮೇ ಮುಗಿಯುತ್ತ ಬಂದರೂ ಬೆಟ್ಟದಲ್ಲಿ ಹುಲ್ಲಿಲ್ಲ. ಹೀಗೇ ಹೋದರೆ ಚಳಿಗಾಲಕ್ಕೆ ಮಂದೆ ಉಳಿಯದು ಎಂದು ಹೆದರಿ ಊರಿಗೆ ಊರೇ ಮೂರು ದಿನದಿಂದ ಉಪವಾಸ ಹಿಡಿದಿತ್ತು. ಇವತ್ತು ಮಧ್ಯಾಹ್ನ ಒಣಗಿದ ಹೊಳೆಯ ದಂಡೆಯಲ್ಲಿ ಮಳೆಗಾಗಿ ನಮಾಜು. ಆಗ ಮರಿಗಳನ್ನು ತಾಯಿಕುರಿಗಳಿಂದ ಅಗಲಿಸಿ ಈ ದಂಡೆಗೆ ಇವು, ಆ ದಂಡೆಗೆ ಅವು ಎಂದು ನಿಲ್ಲಿಸಬೇಕು. ಎರಡೂ ಕಡೆ ಗೋಳು ಎದ್ದರೆ ಮೇಲಿರುವವನ ಮನಸ್ಸು ಕರಗುತ್ತದೆ ಎಂಬುದು ಹಿರಿಯರ ಕಾಲದ ನಂಬಿಕೆ.

ಬೆಳಿಗ್ಗೆ ಮರಿಗಳನ್ನೆಲ್ಲ ಇರಿಸ್‌ಬೆಕ್‌ನ ಹಿತ್ತಿಲಿಗೆ ಕೂಡಿ, "ಒಂದೂ ಮೊಲೆಗೆ ಬಾಯಿ ಹಾಕಬಾರ್ದು ನೋಡು" ಎಂದು ಮುಲ್ಲಾ ಅಶೀರ್ ಹೇಳಿ ಹೋದರು.

ಮರಿಗಳು ಅರಚತೊಡಗಿದವು. ಒಳಗೆ ಅವನ ತಾಯಿ ಬುರುಲಮ್ಮ, ಉಪವಾಸದ ಲೆಕ್ಕಕ್ಕೆ ಸೇರದ ಅರಳುಮರಳಿನ ಮುದುಕಿ, ಮೊಸರಿನ ಬಟ್ಟಲನ್ನು ದೂಡಿಬಿಟ್ಟಳು.

"ಕೂಸುಗಳು ಹಸಿದು ಅಳ್ತಾ ಇದಾವೆ. ನನಗೆ ಹೇಗೋ ಗಂಟಲಲ್ಲಿ ಇಳಿಯುತ್ತೆ?"

"ಅಮ್ಮಾ, ಅವು ಕುರಿಮರಿ ಕಣಮ್ಮಾ."

"ಕುರಿಮರಿಗೆ ಹೊಟ್ಟೆ ಇಲ್ವೇನೋ?"

ಹೊತ್ತು ಏರಿತು. ಮುದುಕಿ ನೀರನ್ನೂ ಮುಟ್ಟಲಿಲ್ಲ. ಹೋದ ಚಳಿಗಾಲದಲ್ಲಿ ಹೀಗೇ ಊಟ ಬಿಟ್ಟು ಕೈತಪ್ಪಿ ಹೋಗುವಂತಾಗಿದ್ದಳು. ಅದು ನೆನಪಾಗಿ ಇರಿಸ್‌ಬೆಕ್ ಹಿತ್ತಿಲಿಗೆ ನಡೆದ. ತೀರಾ ಸಣ್ಣ ಮರಿ ಒಂದನ್ನು ಬಿಟ್ಟರೆ ಊರೇನು ಮುಳುಗುತ್ತದೆಯೇ ಎಂದು ಬಾಗಿಲನ್ನು ಇಷ್ಟೇ ಇಷ್ಟು ಸರಿಸಿದ.

ಮರುಗಳಿಗೆಗೆ ಅವನು ಅಂಗಾತ ಬಿದ್ದಿದ್ದ. ಎದೆಯ ಮೇಲೆ ಹಾದು ಮರಿಗಳೆಲ್ಲ ತಾಯಿಕುರಿಗಳತ್ತ ಪರಾರಿ.

ಪಕ್ಕದ ಮನೆಯ ಕಲೀಚಾ ಗೋಡೆಯಾಚೆಯಿಂದ ನೋಡಿದವಳು, "ಲೋ, ನೀನು ಎದ್ದು ಹೋಗೋ ಅಷ್ಟರಲ್ಲಿ ಅವು ಕುಡಿದು ಮುಗಿಸಿರ್ತವೆ" ಎಂದಳು. ಹಾಗೇ ಆಯಿತು. ಇತ್ತ ಹಿತ್ತಿಲು ಸದ್ದಿಲ್ಲದಾದ ಮೇಲೆ ಬುರುಲಮ್ಮ ಬಟ್ಟಲು ಬರಿದು ಮಾಡಿದಳು. ಅದೊಂದು ನೆಮ್ಮದಿ ಇರಿಸ್‌ಬೆಕ್‌ಗೆ.

ಹೊಳೆದಂಡೆಯಲ್ಲಿ ಊರು, ಮಳೆ ನಮಾಜಿನ ಪದ್ಧತಿಯಂತೆ, ನಿಲುವಂಗಿಗಳನ್ನು ಒಳಮೈ ಹೊರಗೆ ಮಾಡಿ ತೊಟ್ಟು ನಿಂತಿತ್ತು. ಈ ದಂಡೆಯಲ್ಲಿ ಮರಿಗಳು ಹೊಟ್ಟೆ ತುಂಬಿ ನಿದ್ದೆ ಹೋಗಿದ್ದವು. ಆ ದಂಡೆಯಲ್ಲಿ ತಾಯಿಕುರಿಗಳು ಮೆಲುಕು ಹಾಕುತ್ತಿದ್ದವು.

"ನಿನ್ನಿಂದ ಎಲ್ಲರ ಉಪವಾಸ ನೀರುಪಾಲಾಯ್ತಲ್ಲೋ" ಎಂದರು ಮುಲ್ಲಾ.

"ನೀರೆಲ್ಲಿದೆ, ಪಾಲಾಗೋಕೆ?" ಎಂದಳು ಎದುರು ದಂಡೆಯ ಹೆಂಗಸರ ನಡುವಿನಿಂದ ಕಲೀಚಾ.

ಇರಿಸ್‌ಬೆಕ್‌ನನ್ನು ಕೊನೆಯ ಸಾಲಿಗೆ ತಳ್ಳಿದರು. ಮೂರು ದಿನದ ಉಪವಾಸ, ಮರಿಗಳ ಹಿಂದೆ ಓಡಿದ ದಣಿವು. ಪ್ರಾರ್ಥನೆಯ ನಡುವೆ ಅವನು ಕುಸಿದು ಕೂತ. ಕಲೀಚಾಳ ಜೊತೆ ಬಂದಿದ್ದ ಬುರುಲಮ್ಮ ಆಚೆ ದಂಡೆಯಿಂದ ಅದನ್ನು ಕಂಡಳು.

"ನನ್ನ ಮಗ ಏನೂ ತಿಂದಿಲ್ಲ ಕಣ್ರೋ. ಯಾರಾದ್ರೂ ಒಂದು ತುತ್ತು ಕೊಡ್ರೋ" ಎಂದು ಮುದುಕಿ ಗೋಳಾಡಿದಳು. ಕಲೀಚಾ ತಡೆದು ಹಿಡಿದಳು, ಹಿಡಿದವಳೂ ಅತ್ತಳು. ಹೆಂಗಸರೆಲ್ಲ ಅತ್ತರು. ಐವತ್ತು ದಾಟಿದ ಇರಿಸ್‌ಬೆಕ್ "ಅಮ್ಮಾ" ಎಂದು ಮಗುವಿನಂತೆ ಬಿಕ್ಕಿದ. ಮುಲ್ಲಾ ಅವರ ದನಿಯೂ ಒಡೆಯಿತು.

ಟಪ್ ಟಪ್ ಎಂದು ನಾಲ್ಕು ಹನಿ ಬಿದ್ದವು. ಧೂಳು ಅಡಗುವಷ್ಟು, ಅಷ್ಟೇ. ನಿಂತುಹೋಯಿತು.

ಎಲ್ಲರೂ ಮುಲ್ಲಾ ಅವರನ್ನು ನೋಡಿದರು. ಅವರು ಆಚೆ ದಂಡೆಯ ಮುದುಕಿಯನ್ನು ನೋಡಿದರು, ಈಚೆ ದಂಡೆಯ ಇರಿಸ್‌ಬೆಕ್‌ನನ್ನು ನೋಡಿದರು.

"ಮರಿಗಳನ್ನ ಬಿಟ್ಬಿಡಿ, ಅವು ಬೇಕಾಗಿಲ್ಲ" ಎಂದರು. "ನಾಳೆನೂ ನಮಾಜು ಮಾಡೋಣ. ಅಲ್ಲಿವರೆಗೂ ಇವನು ನಮ್ಮನೇಲಿ ಉಪವಾಸ ಇರ್ಲಿ."

"ಅಮ್ಮ ಊಟ ಮಾಡಲ್ಲ, ಮುಲ್ಲಾ ಅವರೇ."

"ನಾನು ತಿನ್ನಿಸ್ತೀನಿ, ನೀನು ನಡಿಯೋ" ಎಂದಳು ಕಲೀಚಾ.

ಇಬ್ಬರು ಅವನ ರಟ್ಟೆ ಹಿಡಿದು ಕರೆದೊಯ್ದರು. ಆಚೆ ದಂಡೆಯಲ್ಲಿ ಅಮ್ಮ ಮತ್ತೆ ಗಟ್ಟಿಯಾಗಿ ಅತ್ತಳು. ಊರಿನವರೆಲ್ಲ ಆಸೆಯಿಂದ ಆಕಾಶ ನೋಡಿದರು.