ಡಬ್ಬಿಗಳಿಗೆ ಮಾತು ಕಲಿಸಿದ್ದು

ಕಂಪ್ಯೂಟರ್ ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಒಂದು ಖಾಸಗಿ ದುಃಖವಿದೆ. ಆ ಯಂತ್ರ ನಾವು ಕೇಳಿದ್ದನ್ನು ಚಾಚೂ ತಪ್ಪದೆ ಕೊಡುತ್ತದೆ. ಆದರೆ ನಮಗೆ ನಿಜವಾಗಿ ಬೇಕಾದದ್ದೇನು ಎಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ಮನೆಯಲ್ಲಿ ಹೆಂಡತಿಗೋ, ನಾನು ಬಾಯಿ ಬಿಡುವ ಮೊದಲೇ ಎಲ್ಲ ಹೊಳೆದಿರುತ್ತದೆ. ಹೀಗಾಗಿ ಎರಡೂ ಕಡೆ ನನ್ನ ಬೆಲೆ ಅಷ್ಟಕ್ಕಷ್ಟೇ.

ನನ್ನ ಹೆಂಡತಿ ಸುನಂದಾಳ ತವರು ಖಾನಾಪುರದಾಚೆ, ಕಾಡಿನ ಅಂಚಿನ ಒಂದು ಪುಟ್ಟ ವಾಡಿ. ಅಲ್ಲಿ ಮೊಬೈಲು ಬ್ಯಾಟರಿ ದೀಪವಾಗಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಈ ಸಲ ಅವಳ ತಮ್ಮನ ಹೆಂಡತಿ ರೇಖಾ ಗರ್ಭಿಣಿ. ಬೇನೆ ಶುರುವಾದರೆ ಯಾರಾದರೂ ಬೈಕ್ ಹತ್ತಿ ಸಿಗ್ನಲ್ ಸಿಗುವ ದಿನ್ನೆಯ ತನಕ ಓಡಬೇಕು, ಅಲ್ಲಿಂದ ಜೀಪಿಗೆ ಫೋನು ಮಾಡಬೇಕು. ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಸುನಂದಾ ಕೇಳಿದಳು: “ನೀವು ಕಾಲೇಜನ್ಯಾಗ ಅದೇನೋ ವೈರ್‌ಲೆಸ್ ಅಂತ ದಿನಾ ಗಂಟಲ ಹರಕೋತೀರಿ. ಅದು ನಮ್ಮ ರೇಖಾಗ ಇಷ್ಟಕ್ಕರೆ ಉಪಯೋಗಕ್ಕ ಬರೂದಿಲ್ಲೇನ್ರಿ?”

ಗಂಡಸಿನ ಅಭಿಮಾನಕ್ಕೆ ಸೂಜಿ ಚುಚ್ಚಿದಂತಾಯಿತು. ನಮ್ಮ ವಿಭಾಗದ ಶಾಹೀನ್ ಮೇಡಂ ಜೊತೆ ಸೇರಿ, ಊರವರ ಒಪ್ಪಿಗೆ ಪಡೆದು, ವಾಡಿಯಿಂದ ಖಾನಾಪುರದವರೆಗೆ ಮರಗಳಿಗೂ ಮಾಳಿಗೆಗಳಿಗೂ ಸಣ್ಣ ಸಣ್ಣ ರೇಡಿಯೋ ಡಬ್ಬಿ ಕಟ್ಟಿಸಿದೆ. ಒಂದು ಡಬ್ಬಿ ಬಾಜೂದ ಡಬ್ಬಿಗೆ ಸುದ್ದಿ ದಾಟಿಸುತ್ತ ಹೋಗಬೇಕು. ಆದರೆ ಎಲ್ಲವೂ ಸದಾ ಎಚ್ಚರವಿದ್ದರೆ ಬ್ಯಾಟರಿ ಸಾಯುತ್ತದೆ. ಎಲ್ಲವೂ ಒಟ್ಟಿಗೆ ಮಾತಾಡಿದರೆ, ನಮ್ಮ ಸ್ಟಾಫ್ ಮೀಟಿಂಗಿನಂತೆ, ಯಾರಿಗೂ ಏನೂ ಕೇಳುವುದಿಲ್ಲ. ಯಾವ ಡಬ್ಬಿ ಯಾವಾಗ ಮಲಗಬೇಕು, ಎದ್ದಾಗ ಯಾವುದಕ್ಕೆ ಹೇಳಬೇಕು? ಇದನ್ನು ತೀರ್ಮಾನಿಸಲು ಜೆನೆಟಿಕ್ ಅಲ್ಗಾರಿದಮ್ ಎಂಬ ಉಪಾಯವಿದೆ. ಮೊದಲು ಮನಸ್ಸಿಗೆ ಬಂದಂತೆ ಒಂದು ರಾಶಿ ವೇಳಾಪಟ್ಟಿಗಳನ್ನು ಹುಟ್ಟಿಸುವುದು. ಚೆನ್ನಾಗಿರುವವುಗಳನ್ನು ಉಳಿಸಿ, ಅವುಗಳ ಜೋಡಿ ಮಾಡಿ, ಮರಿ ಹಾಕಿಸುವುದು. ಅಲ್ಲಲ್ಲಿ ಒಂದು ಮರಿಯನ್ನು ಬೇಕೆಂದೇ ಚೂರು ಬದಲಿಸುವುದು. ಪೀಳಿಗೆಗಳು ಕಳೆದ ಮೇಲೆ ಜಾಣ ವೇಳಾಪಟ್ಟಿಯೊಂದು ಉಳಿಯುತ್ತದೆ.

ಸುನಂದಾಗೆ ಇದನ್ನು ವಿವರಿಸಿದೆ. “ಮದವಿ ಕೂಡಸೂ ಕೆಲಸಾ ಅಂತ ಮೊದಲ ಹೇಳ್ಬಾರ್ದೇನ್ರಿ?” ಎಂದಳು.

ಅಂತೂ ವಂಶವೃದ್ಧಿ ಶುರುವಾಯಿತು. ಬ್ಯಾಟರಿ ಉಳಿಸಿದ ವೇಳಾಪಟ್ಟಿಗೆ ಹೆಚ್ಚು ಅಂಕ ಎಂದು ನಾನು ಬರೆದಿದ್ದೆ. ಮರುದಿನ ನೋಡಿದರೆ ಬ್ಯಾಟರಿ ಎಂದೆಂದಿಗೂ ಮುಗಿಯದ ವೇಳಾಪಟ್ಟಿ ಸಿದ್ಧ! ಸಂತೋಷದಿಂದ ಶಾಹೀನ್ ಮೇಡಂ ಅವರನ್ನು ಕರೆದೆ. ಅವರು ಕನ್ನಡಕ ಏರಿಸಿ ನೋಡಿದರು. “ಸರ್, ಎಲ್ಲಾ ಡಬ್ಬಿ ಹಗಲೂ ರಾತ್ರಿ ಮಲಗ್ಯಾವ್ರಿ. ಒಂದೂ ಒಂದ ಮಾತೂ ಆಡಂಗಿಲ್ಲ.” ಸುದ್ದಿ ಮುಟ್ಟಿದರೆ ಅಂಕ ಎಂಬುದನ್ನೇ ನಾನು ಸೇರಿಸಿರಲಿಲ್ಲ. ಸೇರಿಸಿದೆವು. ಆಮೇಲೆ ಹುಟ್ಟಿದ ಮರಿಗಳು ನಿಜಕ್ಕೂ ಜಾಣ. ಸುದ್ದಿ ಕಾಡು ದಾಟಿ ಖಾನಾಪುರಕ್ಕೆ ಟಣ್ಣನೆ ಬಂದು ಬೀಳತೊಡಗಿತು.

ಕೊನೆಯ ಪರೀಕ್ಷೆಗೆಂದು ಒಂದು ಭಾನುವಾರ ಸುನಂದಾ ವಾಡಿಯಲ್ಲಿ ಡಬ್ಬಿಗೆ ಜೋಡಿಸಿದ ಕೀಲಿಮಣೆ ಹಿಡಿದು ಕೂತಳು. ಖಾನಾಪುರ ಪೇಟೆಯ ಒಂದು ಕೋಣೆಯಲ್ಲಿ ನಾನು, ಶಾಹೀನ್ ಮೇಡಂ, ಒಂದು ಲ್ಯಾಪ್‌ಟಾಪ್. ರೇಖಾಗೆ ದಿನ ತುಂಬಲು ಇನ್ನೂ ಸಮಯವಿದೆ ಎಂದು ಡಾಕ್ಟರು ಹೇಳಿದ್ದರು. “ಖರೇ ಇದ್ದಂಗ ಬರದು ಕಳಸು” ಎಂದು ಸುನಂದಾಗೆ ಹೇಳಿ ಬಂದಿದ್ದೆ. ಬೆಳಿಗ್ಗೆಯೆಲ್ಲ “ಚಹಾ ಆತೇನ್ರಿ?”, “ಅವ್ವ ಕೇಳಾಕತ್ತಾಳ, ಊಟಕ್ಕ ಬರ್ತೀರೇನ್ರಿ?” ಎಂಬ ಸುದ್ದಿಗಳು ಬಂದವು. ಮಧ್ಯಾಹ್ನ ಬಂತು: “ರೇಖಾಗ ಬ್ಯಾನಿ ಶುರು ಆಗೇತ್ರಿ. ಜೀಪ್ ಕಳಸ್ರಿ.”

ಆಹಾ, ಎಂಥ ಸಹಜತೆ! ನಾನು ಕುರ್ಚಿಯಿಂದ ಜಿಗಿದು, ಉತ್ತರ ಕುಟ್ಟಿದೆ: “ಭೇಷ್! ಚಲೋ ಮುಟ್ಟೇತಿ. ಇನ್ನೊಂಚೂರು ಗಾಬರಿ ಹಾಕಿ ಮತ್ತೊಮ್ಮೆ ಕಳಸು.”

“ಗಾಬರಿ ಹಾಕಾಕ ಅದೇನ್ ಉಪ್ಪೇನ್ರಿ? ಖರೇನ ಬ್ಯಾನಿ!”

ನಾನು ಹೊರಗೋಡಿ ಪೇಢೆ ತಂದೆ. ಶಾಹೀನ್ ಮೇಡಂ ಕೈಗೂ ಒಂದು ತುರುಕಿ, “ಮೇಡಂ, ಈಕೀನ ನಾಟಕ ಕಂಪನಿಗೆ ಕಳಸಬೇಕ್ರಿ” ಎಂದು ನಕ್ಕೆ. ಅಷ್ಟರಲ್ಲಿ ಪರದೆಯ ಮೇಲೆ ಮೂರನೆಯದು ಮೂಡಿತು: “ಏ, ಜೀಪ್ ಕಳಸೋ!”

ಮೇಡಂ ಪೇಢೆ ಕೆಳಗಿಟ್ಟರು. “ಯಾ ಅಲ್ಲಾ! ಸರ್, ನಿಮ್ಮ ಮನಿಯವ್ರು ‘ರೀ’ ಬಿಟ್ಟಾರ. ಇದು ಟೆಸ್ಟ್ ಅಲ್ಲ!”

ಮದುವೆಯಾದಂದಿನಿಂದ ಸುನಂದಾ ನನ್ನ ಮೇಲೆ ಎಷ್ಟು ಸಿಟ್ಟಾದರೂ ‘ರೀ’ ಬಿಟ್ಟವಳಲ್ಲ. ಗಡಿಬಿಡಿಯಲ್ಲಿ ಫೋನು ಒತ್ತಿದೆ. ಜೀಪಿನವನಿಗೆ ಹೋಗಬೇಕಾದ ಕರೆ ನಮ್ಮ ಪ್ರಿನ್ಸಿಪಾಲರಿಗೆ ಹೋಯಿತು. “ಸರ್, ಬ್ಯಾನಿ!” ಎಂದು ಕೂಗಿ ಇಟ್ಟೆ. ಅಷ್ಟರಲ್ಲಿ ಮೇಡಂ ಬೀದಿಗಿಳಿದು ಜೀಪಿನವನನ್ನು ಊಟದಿಂದ ಎಬ್ಬಿಸಿ ಹೊರಡಿಸಿದ್ದರು. ಆ ದಾರಿ ಹೋಗಿ ಬರುವ ತನಕ ನಾನು ಆಸ್ಪತ್ರೆ ಬಾಗಿಲಲ್ಲಿ ನಿಂತು, ನನಗೆ ಗೊತ್ತಿರುವ ದೇವರನ್ನೂ ಮೇಡಂಗೆ ಗೊತ್ತಿರುವ ದೇವರನ್ನೂ ನೆನೆದೆ.

ಜೀಪು ಬಂತು. ಹೆಚ್ಚು ಹೊತ್ತಾಗಲಿಲ್ಲ, ಒಳಗಿನಿಂದ ಖಣಖಣ ಅಳು ಕೇಳಿತು. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಆರಾಮ. ಅತ್ತೆ ಕಣ್ಣೊರೆಸಿಕೊಳ್ಳುತ್ತ, ಗಡಿನಾಡಿನ ಮರಾಠಿ ಬೆರೆಸಿ, “ಅಗ ಬಾಯಿ! ಡಬ್ಬಿ ಭಾಳ ಶಾಣ್ಯಾ ಅದಾವ ನೋಡ್ರಿ ಅಳಿಯಂದ್ರ” ಎಂದರು. ಡಬ್ಬಿಗಳನ್ನಷ್ಟೇ ಹೊಗಳಿದ್ದನ್ನು ನಾನು ಗಮನಿಸಿದೆ. ಸುನಂದಾ ನನ್ನ ಕೈಯಲ್ಲಿನ ಪೇಢೆ ಪೊಟ್ಟಣ ಕಸಿದು ಎಲ್ಲರಿಗೂ ಹಂಚಿದಳು, ನನ್ನೊಬ್ಬನನ್ನು ಬಿಟ್ಟು.

ಮೊನ್ನೆ ಕಾಲೇಜಿನಲ್ಲಿ ಈ ಪ್ರಯೋಗದ ಬಗ್ಗೆ ಭಾಷಣ ಮಾಡಿದೆ. ಚಪ್ಪಾಳೆಯೂ ಬಿತ್ತು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಸುದ್ದಿ ಕಾಡು ದಾಟಿ ಬರಾಕ ಒಂದ ಗಳಿಗಿ ಸಾಕಾತು ಅಂದ್ರಿ. ಮತ್ತ ಜೀಪ್ ಹೊರಡಾಕ ಯಾಕ ಅಷ್ಟ ತಡಾ ಆತ್ರಿ?” ಎಂದು ಕೇಳಿದಳು. ಮುಂದಿನ ಸಾಲಿನಲ್ಲಿ ಶಾಹೀನ್ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಸಾಲಿನ ಕಟ್ಟಕಡೆಯ ಉಪಕರಣದಲ್ಲಿ ದೋಷವಿತ್ತು. ಹಳೆಯ ಮಾಡೆಲ್ಲು, ಬದಲಾಯಿಸಲು ಬರುವುದಿಲ್ಲ. ಮನೆಯವರು ಹೇಗೋ ಹೊಂದಿಕೊಂಡು ಹೋಗುತ್ತಿದ್ದಾರೆ.”