ಹಾಡಿನ ಹಿಂದೆ ಒಂದು ಗ್ರೈಂಡರ್

ಅಥವಾ ಆ ಕ್ಯಾಸೆಟ್ಟನ್ನು ನನ್ನ ಸೋದರಮಾವ ನನಗೆ ಮೊದಲು ಕೇಳಿಸಿದ್ದು ಹರಿಹರದ ಅವರ ಮನೆಯಲ್ಲಲ್ಲ, ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಯಲ್ಲೇ ಇರಬಹುದು. ನನ್ನ ನೆನಪಿನಲ್ಲಿ ಕಿಟಕಿಯಿಂದ ಹೊಳೆಯ ಗಾಳಿ ಬರುತ್ತಿದೆ. ಸರಸ್ವತಿ ನಗರದಲ್ಲಿ ಹೊಳೆ ಇಲ್ಲ. ಆದರೆ ಟೇಪ್ ರೆಕಾರ್ಡರ್ ಇಟ್ಟಿದ್ದ ಮೇಜು ಖಂಡಿತ ನಮ್ಮದೇ, ಅದರ ಕಾಲಿನಡಿ ರಟ್ಟು ಮಡಚಿ ಇಟ್ಟವನು ನಾನೇ. ಹೊಳೆ, ಮೇಜು, ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನ್ನನ್ನು ಕೇಳಬೇಡಿ.

ಸುಳ್ಳಲ್ಲದ ಸಂಗತಿ ಒಂದೇ: ನಮ್ಮ ಮಾವನಿಗೆ ಹಾಡು ಕೇಳಲು ಬರುವುದಿಲ್ಲ. ಹರಿಹರದಲ್ಲಿ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ನಡೆಸಿದ ಮನುಷ್ಯನ ಬಗ್ಗೆ ಹೀಗೆ ಹೇಳಬಹುದೇ? ಧಾರಾಳವಾಗಿ ಹೇಳಬಹುದು. ಅವರು ಕೇಳುವುದು ಹಾಡಿನ ಹಿಂದಿನ ಸದ್ದುಗಳನ್ನು. ಮದುವೆ ಮನೆಯಲ್ಲಿ ಎಲ್ಲರೂ ಹಾಡಿಗೆ ತಲೆದೂಗುತ್ತಿದ್ದರೆ ಇವರು ಪಕ್ಕದವನನ್ನು ತಿವಿದು, "ತಬಲಾದವ ಕೆಮ್ಮಿದ, ಕೇಳ್ದಿ?" ಎನ್ನುತ್ತಾರೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಹೊರಗಿನ ಸದ್ದು ಬಾರದಿರಲಿ ಎಂದು ಗೋಡೆಗೆಲ್ಲ ಹತ್ತಿಯ ಹಾಸಿಗೆಗಳನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದ್ದರು. ನೆಂಟರು ಉಳಿಯಲು ಬಂದರೆ ಹಾಸಿಗೆ ಬಿಚ್ಚಬೇಕು, ರೆಕಾರ್ಡಿಂಗ್ ರಜ. ಆ ಕೋಣೆಯಲ್ಲಿ ಒಮ್ಮೆ ಒಬ್ಬ ಹುಡುಗಿ ಮೂರು ಹಾಡು ಹಾಡಿ ಹೋದಳು. ಇವತ್ತು ಆಕೆ ದೊಡ್ಡ ಪಾಪ್ ತಾರೆ. ಹೆಸರು ಹೇಳುವುದಿಲ್ಲ, ನಿಮ್ಮ ಮಗಳ ರಿಂಗ್‌ಟೋನ್ ಆಕೆಯದೇ ಇದ್ದೀತು. ಈಚೆಗೆ ಒಂದು ಸಂದರ್ಶನದಲ್ಲಿ ಆಕೆ, ತನ್ನ ಮೊದಲ ಡೆಮೊ ಹಾಡುಗಳು ಎಲ್ಲೋ, ಯಾವಾಗಲೋ ರೆಕಾರ್ಡ್ ಆದವು ಎಂದುಬಿಟ್ಟಳು.

"ಎಲ್ಲೋ ಅಂತಾಳಲ್ಲೋ," ಎಂದರು ಮಾವ. "ಎಲ್ಲಿ ಅಂತ ನನಗ ಗೊತ್ತೈತೆ. ಯಾವಾಗ ಅನ್ನೋದು..."

ಯಾವಾಗ ಅನ್ನುವುದು ಅವರಿಗೂ ಗೊತ್ತಿರಲಿಲ್ಲ. ಯಾರೂ ಒಯ್ಯದ ಕ್ಯಾಸೆಟ್ಟಿನ ಮೇಲೆ ಮತ್ತೊಬ್ಬರ ಹಾಡು ತುಂಬುವುದು ಅಂಗಡಿಯ ಪದ್ಧತಿ. ತಾರೀಖು ಬರೆದು ಏನು ಮಾಡುವುದು? ಈ ಕ್ಯಾಸೆಟ್ಟಿನ ಮೇಲೆ 'ಭಜನೆ' ಎಂದು ಬರೆದು, ಅದನ್ನು ಹೊಡೆದುಹಾಕಿ, 'ಹುಡುಗಿ' ಎಂದು ಬರೆದಿದ್ದರು. ಇತಿಹಾಸಕ್ಕೆ ಮಾವ ಬಿಟ್ಟ ಶಾಸನ ಇಷ್ಟೇ.

ಇದೂ ಅವರ ಇನ್ನೊಂದು ಹುಚ್ಚಾಗಿ ಮುಗಿಯುತ್ತಿತ್ತು. ಆದರೆ ಮೂರನೇ ಹಾಡಿನಲ್ಲಿ, ಹುಡುಗಿಯ ದನಿಯ ಹಿಂದೆ, ದೂರದಲ್ಲಿ, ಇನ್ನೊಂದು ಹೆಣ್ಣುದನಿ ಗುನುಗುತ್ತದೆ.

"ಅದು ನಾನು," ಎಂದರು ಅತ್ತೆ, ಮೆಂತ್ಯ ಸೊಪ್ಪು ಬಿಡಿಸುತ್ತ.

"ನೀ ಹೆಂಗಾಗ್ತಿ? ಅದು ನಮ್ಮ ಮದುವಿಗಿಂತ ಮೊದ್ಲಿಂದು."

"ಆಮ್ಯಾಲಿಂದು. ನಾ ಒಳಗ ರುಬ್ತಿದ್ದೆ."

ಗಂಟಲಿನ ಆಪರೇಷನ್ ಆದಮೇಲೆ ಅತ್ತೆಯ ದನಿ ಒಡೆದುಹೋಗಿದೆ. ಮೊದಲು ಚೆನ್ನಾಗಿ ಹಾಡುತ್ತಿದ್ದರು. ಮನೆ ತುಂಬ ಕ್ಯಾಸೆಟ್ಟುಗಳಿವೆ, ಒಂದರಲ್ಲೂ ಅವರ ಹಾಡಿಲ್ಲ. ಊರಿನವರ ಭಜನೆಯನ್ನೆಲ್ಲ ತುಂಬಿಕೊಂಡ ಮಾವನಿಗೆ ಅಡುಗೆಮನೆಯ ಕಡೆ ಮೈಕು ತಿರುಗಿಸಬೇಕೆಂದು ಹೊಳೆದಿರಲಿಲ್ಲ. ಆ ಗುನುಗು ಅತ್ತೆಯದಾದರೆ, ಅವರ ಹಳೆಯ ದನಿ ಉಳಿದಿರುವುದು ಅಷ್ಟೇ.

"ದಾಖಲೆ ಬೇಕು," ಎಂದರು ಮಾವ.

ಮೊದಲ ಹಾಡಿನಲ್ಲಿ ರೈಲೊಂದು ಹೋಗುತ್ತದೆ. ಟೇಪ್ ರೆಕಾರ್ಡರ್ ಬಗಲಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೋದರು. ಕೌಂಟರಿನವನು ಹಾಡನ್ನು ಪೂರ್ತಿ ಕೇಳಿ, "ಯಜಮಾನ್ರೆ, ರೈಲು ಯಾವಾಗ ಬರ್ತೈತೆ ಅಂತ ಕೇಳೋರು ದಿನಾ ಬರ್ತಾರೆ. ಯಾವಾಗ ಹೋಗಿತ್ತು ಅಂತ ಕೇಳಿದೋರು ನೀವೇ ಮೊದ್ಲು," ಎಂದನಂತೆ.

ಎರಡನೇ ಹಾಡಿನಲ್ಲಿ ಗ್ರೈಂಡರ್ ತಿರುಗುತ್ತದೆ. ಅತ್ತೆಯ ತವರಿನವರು ಮದುವೆಗೆ ಕೊಟ್ಟ ಗ್ರೈಂಡರ್ ಅಟ್ಟದ ಮೇಲಿತ್ತು. ಅದರದೇ ಸದ್ದೆಂದು ಸಾಬೀತಾದರೆ ಅತ್ತೆ ಗೆದ್ದಂತೆ. ಮಾವ ಅದನ್ನು ಇಳಿಸಿ ಒರೆಸಿದರು. "ಬರೀ ತಿರುಗಿಸಿದ್ರ ನಡ್ಯಲ್ಲ, ಹಿಟ್ಟಿನ ಭಾರ ಬೇಕು," ಎಂದು ಅಕ್ಕಿ, ಉದ್ದು ನೆನೆಹಾಕಿಸಿದರು. ಒಮ್ಮೆ ನುಣ್ಣಗೆ, ಒಮ್ಮೆ ತರಿತರಿಯಾಗಿ, ಒಮ್ಮೆ ಬಾಗಿಲು ಮುಚ್ಚಿ, ಒಮ್ಮೆ ತೆರೆದು ರೆಕಾರ್ಡ್ ಮಾಡಿದರು. ಬೀದಿಗೆ ಬೀದಿಯೇ ವಾರವಿಡೀ ದೋಸೆ ತಿಂದಿತು. ನನ್ನನ್ನೂ ಕರೆಸಿಕೊಂಡರು, ಬರುವಾಗ ದಾವಣಗೆರೆಯಿಂದ ಬೆಣ್ಣೆ ತರಲು ಹೇಳಿದ್ದರು. ಸಂಶೋಧನೆಗೆ ಬೆಣ್ಣೆ ಯಾಕೆಂದು ನಾನು ಕೇಳಲಿಲ್ಲ.

"ಅದೇ ಸದ್ದು ಮಾವ," ಎಂದೆ, ಮೂರನೇ ದೋಸೆಯ ನಂತರ.

"ಅದೇ ಸದ್ದು. ಆದ್ರ ಆವಾಗ ಪಕ್ಕದ ಮನ್ಯಾಗೂ ಇಂಥದ್ದೇ ಇತ್ತು."

ಅತ್ತೆ ಕಾವಲಿಯಿಂದ ಕಣ್ಣು ತೆಗೆಯದೆ ಹೇಳಿದರು: "ಪಕ್ಕದ ಮನ್ಯೋರು ದೋಸಿ ಮಾಡಿದ್ದನ್ನ ಯಾವಾಗರ ನೋಡೀರೇನ್ರಿ? ಅವ್ರು ನಮ್ಮನ್ಯಾಗೇ ತಿಂತಿದ್ರು."

ಮಾವ ಇದನ್ನು ಸಾಕ್ಷ್ಯವೆಂದು ಒಪ್ಪಲಿಲ್ಲ. ಕಕ್ಷಿದಾರರ ಹೇಳಿಕೆಯಂತೆ!

ಕೊನೆಗೆ ನನಗೇ ಒಂದು ಸುಳಿವು ಸಿಕ್ಕಿತು. ಅವತ್ತು ಆ ಹುಡುಗಿಯನ್ನು ಅಂಗಡಿಗೆ ಕರೆತಂದಿದ್ದ ಸಂಗೀತದ ಮೇಷ್ಟ್ರು ಈಗ ಆವರಗೆರೆಯಲ್ಲಿದ್ದಾರೆ. ನನ್ನ ಬೈಕಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮಾವ ಲಾರಿಗಳ ಹಾರ್ನನ್ನು ಕೂಡ ಟೀಕಿಸಲಿಲ್ಲ.

ಮೇಷ್ಟ್ರಿಗೆ ವಯಸ್ಸಾಗಿದೆ, ನೆನಪು ಗಟ್ಟಿಯಿದೆ. ಮಾವನನ್ನು ಕಂಡದ್ದೇ ಗುರುತು ಹಿಡಿದರು. "ಹಾಸಿಗಿ ಸ್ಟುಡಿಯೋದವ್ರಲ್ಲೇನ್ರಿ? ಬರ್ರಿ, ಕೂಡ್ರಿ. ಆ ಹುಡುಗಿ ಹಾಡಿದ ದಿನ ಚೆನ್ನಾಗಿ ನೆನಪೈತೆ ನನಗ. ನಿಮ್ಮನ್ಯಾಗ ಆವಾಗ..."

ಮಾವ ಎದ್ದು ನಿಂತರು. "ಇನ್ನೊಮ್ಮೆ ಬರ್ತೀವಿ ಸಾರ್. ಇವ್ನಿಗೆ ಆಫೀಸ್ ಐತೆ."

ಅಂದು ಭಾನುವಾರ.

"ಯಾಕ ಮಾವ?" ಎಂದೆ ಹೊರಗೆ ಬಂದು.

"ಬೈಕ್ ತೆಗಿ."

ಹರಿಹರ ತಲುಪಿದಾಗ ಅತ್ತೆ ಬಾಗಿಲಲ್ಲೇ ಇದ್ದರು. ಆಗಲೇ ಒಣಗಿದ್ದ ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದರು.

"ಮದುವಿ ಆದ್ಮ್ಯಾಲಿಂದೇ ಅಂತ," ಎಂದರು ಮಾವ, ಬಗ್ಗಿ ಚಪ್ಪಲಿ ಬಿಡುತ್ತ. "ಮೇಷ್ಟ್ರು ಹೇಳಿದ್ರು."

"ಮೊದ್ಲಿಂದ ನಾ ಹೇಳಿದ್ದು ಇನ್ನೇನು?"

ಮಾವ ಕ್ಯಾಸೆಟ್ ಹಾಕಿದರು. ಮೂರನೇ ಹಾಡು ಬಂತು. ಆ ದೂರದ ಗುನುಗಿನ ಜೊತೆ ಅತ್ತೆ ತಮ್ಮ ಒಡೆದ ದನಿಯಲ್ಲಿ ಗುನುಗಿದರು. ರೈಲೋ, ಕೆಮ್ಮೋ ಎಂದು ಯಾರನ್ನೂ ತಿವಿಯದೆ ಮಾವ ಹಾಡು ಮುಗಿಯುವವರೆಗೂ ಕೂತು ಕೇಳಿದರು.

ಇದನ್ನಾದರೂ ನಾನು ಸರಿಯಾಗಿ ನೆನಪಿಟ್ಟಿದ್ದೇನೆಯೇ? ಇಲ್ಲೂ ಕಿಟಕಿಯಿಂದ ಹೊಳೆಯ ಗಾಳಿ ಬರುತ್ತಿದೆ. ಹರಿಹರವಾದ್ದರಿಂದ ಇರಲಿ ಬಿಡಿ. ಆವರಗೆರೆ ನಮ್ಮ ಮನೆಗೆ ದೂರವಲ್ಲ, ಮೇಷ್ಟ್ರನ್ನು ಕೇಳಿ ಬರಲು ಅಡ್ಡಿಯೇನಿಲ್ಲ. ಅವರ ಅರ್ಧಕ್ಕೆ ನಿಂತ ಮಾತು ಅತ್ತೆಯ ಪರವಾಗಿಯೇ ಇದ್ದೀತು, ಇಲ್ಲದೆಯೂ ಇದ್ದೀತು. ನಾನು ಹೋಗಿಲ್ಲ. ಆ ಮೂರು ಹಾಡುಗಳು ಯಾವಾಗ ರೆಕಾರ್ಡ್ ಆದವೋ ನನಗೆ ಗೊತ್ತಿಲ್ಲ.